‘ನಿಖರತೆ’ಯೊಳಗೆ ಎರಡು ಅರ್ಥ: ವಾಲಿಕೆ, ಚದುರಿಕೆ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿದ್ದುಕೊಂಡು ವೈದ್ಯಕೀಯ ಸಂಶೋಧನೆಯ ಲ್ಯಾಬುಗಳ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದು. ಟೆಕ್ನಿಷಿಯನ್ನರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಆಕ್ಯುರಸಿ (ಅಳತೆ ನಿಜವಾದ ಮೌಲ್ಯಕ್ಕೆ ಹತ್ತಿರವಿರುವುದು), ಪ್ರಿಸಿಷನ್ (ಮತ್ತೆ ಮತ್ತೆ ಅಳೆದಾಗ ಅಂಕಿಗಳು ಒಂದಕ್ಕೊಂದು ಹತ್ತಿರವಿರುವುದು) ಎಂಬಲ್ಲಿ ಬರವಣಿಗೆ ನಿಂತುಹೋಗಿದೆ. ಎರಡಕ್ಕೂ ನಾವು ‘ನಿಖರತೆ’ ಎಂದೇ ಬರೆಯುತ್ತೇವೆ. ‘ಕರಾರುವಾಕ್ಕು’ ಕೂಡ ಎರಡನ್ನೂ ಬೆರೆಸಿಬಿಡುತ್ತದೆ.

ಒಂದು ಲ್ಯಾಬಿನ ಕಂಟ್ರೋಲ್ ರಿಜಿಸ್ಟರ್ ನೋಡುತ್ತಿದ್ದೆ. ಕಂಟ್ರೋಲ್ ಎಂದರೆ ಯಂತ್ರವನ್ನು ಪರೀಕ್ಷಿಸಲು ಬಳಸುವ, ಮೌಲ್ಯ ಮೊದಲೇ ಗೊತ್ತಿರುವ ಮಾದರಿ. ಗ್ಲೂಕೋಸ್ ಕಂಟ್ರೋಲಿನ ಗೊತ್ತಿರುವ ಮೌಲ್ಯ 100. ಯಂತ್ರ ತೋರಿಸಿದ್ದು 92, 91, 92, 93. ಪಕ್ಕದಲ್ಲಿ ‘ನಿಖರವಾಗಿದೆ’ ಎಂದು ಬರೆದು ಸಹಿ ಹಾಕಿತ್ತು. ಬರೆದ ಹುಡುಗಿಯನ್ನು ತಪ್ಪೆನ್ನಲು ನನಗೆ ಮನಸ್ಸಾಗಲಿಲ್ಲ. ನಾಲ್ಕೂ ಅಂಕಿ ಒಂದರ ಪಕ್ಕ ಒಂದು ಕೂತಿವೆಯಲ್ಲ, ಅವಳಿಗೆ ಕಲಿಸಿದ ಪದ ಅದನ್ನೂ ಹೇಳುತ್ತದೆ.

ಕೈಲ್‌ಪೊಳ್ದು ಎಂಬ ಕೊಡಗಿನ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡವರಿಗೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಒಬ್ಬರ ಗುಂಡುಗಳೆಲ್ಲ ಕಾಯಿಯ ಎಡಕ್ಕೆ, ಒಂದೇ ಜಾಗಕ್ಕೆ ಹೋಗುತ್ತವೆ. ಇನ್ನೊಬ್ಬರವು ಕಾಯಿಯ ಸುತ್ತ ಎಲ್ಲೆಂದರಲ್ಲಿ. ಮೊದಲನೆಯವರು ಕೋವಿ ಸರಿಮಾಡಿಸಬೇಕು, ಎರಡನೆಯವರು ಕೈ ಪಳಗಿಸಬೇಕು.

ಲ್ಯಾಬಿನಲ್ಲೂ ಮದ್ದು ಬೇರೆ ಬೇರೆ. ಓದುಗಳು (ಯಂತ್ರ ತೋರಿಸುವ ಅಂಕಿಗಳು) 88, 111, 96, 105 ಎಂದು ಚದುರಿದರೂ ಸರಾಸರಿ 100ಕ್ಕೇ ಬಂದೀತು. ವಾಲಿದ ಯಂತ್ರದಲ್ಲಿ ನೂರು ಸಲ ಅಳೆದರೂ 92ರ ಆಸುಪಾಸೇ. ಕ್ಯಾಲಿಬ್ರೇಷನ್ (ಗೊತ್ತಿರುವ ಮೌಲ್ಯಕ್ಕೆ ತಕ್ಕಂತೆ ಯಂತ್ರವನ್ನು ಸರಿಮಾಡುವುದು) ಮಾಡದೆ ಗತಿಯಿಲ್ಲ. ಸಂಶೋಧನೆಯಲ್ಲಿ ಇದು ದೊಡ್ಡ ಅಪಾಯ. ಒಂದು ಔಷಧಿಯನ್ನು ಪರೀಕ್ಷಿಸುವಾಗ ಮೊದಲ ವರ್ಷದ ರಕ್ತವನ್ನು ಸರಿಯಾದ ಯಂತ್ರದಲ್ಲೂ ಎರಡನೇ ವರ್ಷದ್ದನ್ನು ವಾಲಿದ ಯಂತ್ರದಲ್ಲೂ ಅಳೆದರೆ, ಸಕ್ಕರೆ ಇಳಿದದ್ದು ಔಷಧಿಯಿಂದಲೇ ಎಂದು ಕಾಣುತ್ತದೆ.

ಐಎಸ್‌ಒ 5725 ಎಂಬ ಅಂತಾರಾಷ್ಟ್ರೀಯ ಮಾನದಂಡ ಆಕ್ಯುರಸಿಯನ್ನೇ ದೊಡ್ಡ ಪದವಾಗಿಟ್ಟು, ಅದರೊಳಗೆ ಟ್ರೂನೆಸ್ (ಸರಾಸರಿ ನಿಜವಾದ ಮೌಲ್ಯಕ್ಕೆ ಹತ್ತಿರವಿರುವುದು), ಪ್ರಿಸಿಷನ್ ಎಂದು ಎರಡನ್ನು ಬಿಡಿಸಿದೆ. ಹಾಗಾಗಿ ‘ನಿಖರತೆ’ಯನ್ನು ಆ ದೊಡ್ಡ ಪದಕ್ಕೆ ಉಳಿಸಿಕೊಳ್ಳೋಣ. ಒಳಗಿನ ಎರಡಕ್ಕೆ ಗುಣದ ಹೆಸರು ಹುಡುಕಿ ಸೋತೆ. ‘ಹೊಂದಾಣಿಕೆ’ ಅಂತೂ ಬೇಡವೇ ಬೇಡ, ನಮ್ಮ ಕೆಲಸದಲ್ಲಿ ಅದು ಅಂಕಿಯನ್ನು ತಿದ್ದಿದಂತೆ ಕೇಳುತ್ತದೆ. ಆಮೇಲೆ ಹೊಳೆಯಿತು: ರಿಜಿಸ್ಟರಿನಲ್ಲಿ ನಾವು ಬರೆಯಬೇಕಾದದ್ದು ದೋಷವನ್ನು. ದೋಷಕ್ಕೆ ಕನ್ನಡದಲ್ಲಿ ಒಳ್ಳೆಯ ಕ್ರಿಯಾಪದಗಳಿವೆ. ಗೋಡೆ ವಾಲುತ್ತದೆ, ಕಾಳು ಚದುರುತ್ತದೆ. ಟ್ರೂನೆಸ್ ಇಲ್ಲದೆ ಓದುಗಳೆಲ್ಲ ಒಂದೇ ಕಡೆಗೆ ಸರಿಯುವ ಬಯಾಸ್‌ಗೆ ‘ವಾಲಿಕೆ’, ಪ್ರಿಸಿಷನ್ ಇಲ್ಲದಿರುವುದಕ್ಕೆ ‘ಚದುರಿಕೆ’. ಬಯಾಸ್‌ಗೆ ‘ಪೂರ್ವಗ್ರಹ’ ಎನ್ನುವುದುಂಟು, ಆದರೆ ಅದು ಮನುಷ್ಯರ ಮನಸ್ಸಿನದು. ‘ಒಲವು’ ಎಂದರೆ ಯಂತ್ರಕ್ಕೆ ಪ್ರೀತಿ ಅಂಟಿಸಿದಂತಾಗುತ್ತದೆ.

ಒಂದು ತೊಡಕು ಉಳಿದಿದೆ. ವಿಜ್ಞಾನದ ಪಾಠಗಳಲ್ಲಿ ‘ಬೆಳಕಿನ ಚದುರುವಿಕೆ’ ಈಗಾಗಲೇ ಇದೆ. ರಕ್ತದ ಪ್ರೊಟೀನುಗಳನ್ನು ಅಳೆಯುವ ನೆಫೆಲೋಮೀಟರ್ ಕೆಲಸ ಮಾಡುವುದೇ ಆ ಚದುರುವಿಕೆಯಿಂದ. ಒಂದೇ ಪುಟದಲ್ಲಿ ‘ಚದುರುವಿಕೆ’, ‘ಚದುರಿಕೆ’ ಎರಡೂ ಬಂದರೆ ಟೆಕ್ನಿಷಿಯನ್ನರಿಗೆ ಗೊಂದಲವಾಗುತ್ತದೆಯೇ? ಓದುಗಳು ಹೀಗೆ ಹರಡುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.