ಥೊರಾಸಿಕ್ ಡಕ್ಟ್ ಸಿಗುತ್ತಿಲ್ಲ: ಡಿಸೆಕ್ಷನ್‌ನಲ್ಲಿ ಎಲ್ಲಿಂದ ಹುಡುಕಬೇಕು?

ಟೇಬಲ್‌ಮೂರು (ಪ್ರಶ್ನೆ):

ಎದೆಗೂಡಿನ ಡಿಸೆಕ್ಷನ್ (ಶವಛೇದನ) ಹಿಂಭಾಗದ ಮೀಡಿಯಾಸ್ಟೈನಮ್‌ವರೆಗೆ (ಎರಡು ಶ್ವಾಸಕೋಶಗಳ ನಡುವಿನ ಜಾಗ) ಬಂದಿದೆ. ಹೃದಯ, ಶ್ವಾಸಕೋಶ ತೆಗೆದಾಗಿದೆ. ಅನ್ನನಾಳ, ಅಯೋರ್ಟಾ (ಮಹಾಪಧಮನಿ), ಅಜೈಗಸ್ ವೇನ್ (ಎದೆಗೋಡೆಯ ರಕ್ತ ಒಯ್ಯುವ ಅಭಿಧಮನಿ) ಮೂರೂ ಸ್ಪಷ್ಟವಾಗಿವೆ. ದುಗ್ಧರಸವನ್ನು (ಲಿಂಫ್) ಕತ್ತಿನ ವೇನ್‌ಗಳಿಗೆ ಒಯ್ಯುವ ದೊಡ್ಡ ನಾಳವಾದ ಥೊರಾಸಿಕ್ ಡಕ್ಟ್ ಮಾತ್ರ ಪತ್ತೆಯಿಲ್ಲ. ಚಿತ್ರಗಳಲ್ಲಿ ಹಸಿರು ಹಗ್ಗದ ಹಾಗೆ ಎದ್ದು ಕಾಣುತ್ತದೆ, ಇಲ್ಲಿ ನೋಡಿದರೆ ಬರೀ ಕೊಬ್ಬು ಮತ್ತು ನಾರು. ಸದ್ಯಕ್ಕೆ ಎರಡು ಎಳೆಗಳು ಸಿಕ್ಕಿವೆ. ಒಂದು ಬೆಳ್ಳಗೆ, ಗಟ್ಟಿಯಾಗಿ, ಕಶೇರುಕಗಳ ಪಕ್ಕದಲ್ಲಿ ಓರೆಯಾಗಿ ಇಳಿಯುತ್ತದೆ. ಇನ್ನೊಂದು ಅಯೋರ್ಟಾದ ಬಲಕ್ಕೆ, ತೆಳ್ಳಗೆ, ಕಂದುಗೆಂಪಾಗಿದೆ. ಒಳಗೆ ರಕ್ತ ಇರುವಂತಿದೆ, ಹಾಗಾಗಿ ವೇನ್ ಎಂದುಕೊಂಡೆವು.

ಯಾವ ಮಟ್ಟದಿಂದ ಹುಡುಕಲು ಶುರು ಮಾಡಬೇಕು? ಸಿಕ್ಕರೆ ಬಣ್ಣ ತುಂಬಿಸಿ ಉಳಿದವರಿಗೆ ತೋರಿಸಬಹುದೇ? ಹಿಸ್ಟಾಲಜಿ ಸ್ಲೈಡ್‌ನಲ್ಲಿ ದುಗ್ಧನಾಳವನ್ನೂ ಸಣ್ಣ ವೇನನ್ನೂ ಬೇರೆ ಮಾಡುವುದು ಹೇಗೆ?

ವಪೆಯಿಂದಮೇಲೆ:

ಮೊದಲು ಒಂದು ಮಾತು: ಆ ಕಂದುಗೆಂಪು ಎಳೆಯನ್ನು ಕತ್ತರಿಸಬೇಡಿ. ನೀವು ಹುಡುಕುತ್ತಿರುವುದು ಬಹುಶಃ ಅದನ್ನೇ.

ಡಕ್ಟ್ ಎಡ ಸಬ್‌ಕ್ಲೇವಿಯನ್ ಮತ್ತು ಇಂಟರ್ನಲ್ ಜುಗ್ಯುಲರ್ ವೇನ್‌ಗಳು ಕೂಡುವ ಕಡೆ ತೆರೆದುಕೊಳ್ಳುತ್ತದೆ. ಜೀವ ಇರುವಾಗ ಅಲ್ಲಿನ ಕವಾಟ ರಕ್ತವನ್ನು ಒಳಗೆ ಬಿಡುವುದಿಲ್ಲ. ಸತ್ತ ಮೇಲೆ ರಕ್ತ ಹಿಮ್ಮುಖವಾಗಿ ಡಕ್ಟ್‌ಗೆ ನುಗ್ಗುತ್ತದೆ, ಆಗ ಅದು ಥೇಟ್ ವೇನ್‌ನಂತೆ ಕಾಣುತ್ತದೆ. ಹಾಲಿನಂಥ ಬಿಳುಪೂ ನಂಬುವ ಗುರುತಲ್ಲ. ಆ ಬಿಳುಪು ಊಟದಲ್ಲಿನ ಕೊಬ್ಬಿನದು; ಹಸಿದ ದೇಹದಲ್ಲಿ ದುಗ್ಧರಸ ತಿಳಿಯಾಗಿರುತ್ತದೆ. 1622ರಲ್ಲಿ ಇಟಲಿಯ ಅಂಗರಚನಾ ತಜ್ಞ ಗಾಸ್ಪಾರೆ ಆಸೆಲ್ಲಿಗೆ ನಾಯಿಯ ಕರುಳಿನ ಪೊರೆಯಲ್ಲಿ ಬಿಳಿ ಎಳೆಗಳು ಕಂಡದ್ದು ಆ ನಾಯಿ ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದರಿಂದ. ಅವನೂ ಮೊದಲು ನರ ಎಂದೇ ತಿಳಿದಿದ್ದ. ಕೊಯ್ದಾಗ ಹಾಲಿನಂಥ ದ್ರವ ಬಂದ ಮೇಲೆ ಅದು ನಾಳ ಎಂದು ಗೊತ್ತಾಯಿತು. ಆ ದ್ರವ ಎದೆಯ ಮೂಲಕ ಮೇಲೇರಿ ಕತ್ತಿನ ಬುಡದ ವೇನ್‌ಗಳನ್ನು ಸೇರುತ್ತದೆ ಎಂದು ಫ್ರಾನ್ಸಿನ ಝಾಂ ಪೆಕೆ ತೋರಿಸಿದ್ದು 1651ರಲ್ಲಿ.

ಆದ್ದರಿಂದ ಬಣ್ಣ ಬಿಡಿ, ನೆರೆಹೊರೆ ನೋಡಿ. ಟಿ8ರಿಂದ ಟಿ10ರ (ಎದೆಯ 8ರಿಂದ 10ನೇ ಕಶೇರುಕ) ನಡುವೆ ಶುರು ಮಾಡಿ. ಅನ್ನನಾಳವನ್ನು ಮುಂದಕ್ಕೂ ಎಡಕ್ಕೂ ಸರಿಸಿ ಹಿಡಿಯಲು ಒಬ್ಬರಿಗೆ ಹೇಳಿ. ಬಲಕ್ಕೆ ಅಜೈಗಸ್, ಎಡಕ್ಕೆ ಅಯೋರ್ಟಾ, ಹಿಂದೆ ಕಶೇರುಕ: ಈ ಓಣಿಯ ಕೊಬ್ಬಿನಲ್ಲಿಯೇ ಡಕ್ಟ್ ಇರುತ್ತದೆ. ಕತ್ತರಿ, ಸ್ಕಾಲ್ಪೆಲ್ ಬೇಡ. ಮೊಂಡು ತುದಿಯ ಎರಡು ಫೋರ್ಸೆಪ್ಸ್ ಹಿಡಿದು ಕೊಬ್ಬನ್ನು ಮೇಲೆ-ಕೆಳಗೆ ಬಿಡಿಸಿ. ಅಡ್ಡಕ್ಕೆ ಎಳೆದರೆ ಹರಿಯುತ್ತದೆ; ಅಗಲ 2ರಿಂದ 5 ಮಿ.ಮೀ. ಅಷ್ಟೇ, ಗೋಡೆ ಒದ್ದೆ ಕಾಗದದಷ್ಟು ತೆಳು.

ಸಿಕ್ಕ ಎಳೆ ಅದೇ ಹೌದೋ ಅಲ್ಲವೋ ಎಂದು ನೋಡಲು: ಅಜೈಗಸ್‌ಗೆ ಪ್ರತಿ ಪಕ್ಕೆಲುಬಿನ ಸಂದಿನಿಂದ ಒಂದೊಂದು ವೇನ್ ಏಣಿಯ ಮೆಟ್ಟಿಲಿನಂತೆ ಬಂದು ಸೇರುತ್ತದೆ. ಡಕ್ಟ್‌ಗೆ ಅಂಥ ಮೆಟ್ಟಿಲು ಇಲ್ಲ. ಮೆಲ್ಲಗೆ ಎತ್ತಿದರೆ ಅದರ ಹಿಂದೆ ಬಲಗಡೆಯ ಇಂಟರ್‌ಕಾಸ್ಟಲ್ (ಪಕ್ಕೆಲುಬುಗಳ ನಡುವಿನ) ಅಪಧಮನಿಗಳು ಅಡ್ಡ ಹಾಯುವುದು ಕಾಣುತ್ತದೆ. ಕವಾಟಗಳಿಂದಾಗಿ ಅಲ್ಲಲ್ಲಿ ಉಬ್ಬಿ ಮಣಿಸರದಂತಿರುತ್ತದೆ, ಬೆರಳುಗಳ ನಡುವೆ ಹೊರಳಿಸಿದರೆ ಟೊಳ್ಳು ತಿಳಿಯುತ್ತದೆ. ನಿಮ್ಮ ಮೊದಲ ಬಿಳಿ ಗಟ್ಟಿ ಎಳೆ ಗ್ರೇಟರ್ ಸ್ಪ್ಲ್ಯಾಂಕ್ನಿಕ್ ನರ. ಸಿಂಪಥೆಟಿಕ್ ಸರಪಳಿಯ 5ರಿಂದ 9ನೇ ಗ್ಯಾಂಗ್ಲಿಯಾಗಳಿಂದ (ನರಗಂಟುಗಳು) ಬೇರುಗಳು ಬಂದು ಅದಕ್ಕೆ ಸೇರುವುದನ್ನು ನೋಡಿ ಖಚಿತ ಮಾಡಿಕೊಳ್ಳಿ.

ಎಡಕೋನ:

ಮೇಲಿನದು ಸರಿ. ಹೆಚ್ಚಿನ ಮೇಜುಗಳಲ್ಲಿ ಡಕ್ಟ್ ಹಾಳಾಗುವ ಎರಡು ಜಾಗಗಳ ಬಗ್ಗೆ ಹೇಳುತ್ತೇನೆ.

ಒಂದು, ಟಿ5. ಅಲ್ಲಿಯವರೆಗೆ ಮಧ್ಯರೇಖೆಯ ಬಲಕ್ಕಿದ್ದ ನಾಳ ಅನ್ನನಾಳದ ಹಿಂದಿನಿಂದ ಎಡಕ್ಕೆ ದಾಟಿ, ಅದರ ಎಡ ಅಂಚಿಗೆ ಅಂಟಿಕೊಂಡು ಏರುತ್ತದೆ. ಅನ್ನನಾಳವನ್ನು ಸುತ್ತಲಿನ ಕೊಬ್ಬಿನ ಸಮೇತ ಎಳೆದು ತೆಗೆದರೆ ಡಕ್ಟ್ ಅದರ ಜೊತೆಗೇ ಕಿತ್ತು ಬರುತ್ತದೆ. ಬಲಗಡೆಯೇ ಮೇಲಕ್ಕೆ ಹುಡುಕಿಕೊಂಡು ಹೋದವರು ಅಜೈಗಸ್‌ನ ಕಮಾನು ಮುಟ್ಟಿ ಬರಿಗೈಯಲ್ಲಿ ನಿಲ್ಲುತ್ತಾರೆ.

ಎರಡು, ಕತ್ತು. ಕ್ಲಾವಿಕಲ್‌ನ (ಕೊರಳೆಲುಬು) ಒಳ ಅರ್ಧ ತೆಗೆದ ಮೇಲೆ ಜುಗ್ಯುಲರ್ ವೇನ್ ಸುತ್ತಲಿನ ಕೊಬ್ಬನ್ನು ತೆಗೆದು ಸ್ವಚ್ಛ ಮಾಡುವ ಆತುರದಲ್ಲಿ ಡಕ್ಟ್‌ನ ಕಮಾನು ಹೋಗಿಬಿಡುತ್ತದೆ. ಸಿ7 (ಕತ್ತಿನ 7ನೇ ಕಶೇರುಕ) ಮಟ್ಟದಲ್ಲಿ ಅದು ಕ್ಲಾವಿಕಲ್‌ಗಿಂತ 3-4 ಸೆಂ.ಮೀ. ಎತ್ತರಕ್ಕೇರಿ, ಕ್ಯಾರೋಟಿಡ್ ಶೀತ್‌ನ (ಕತ್ತಿನ ದೊಡ್ಡ ರಕ್ತನಾಳಗಳ ಹೊದಿಕೆ) ಹಿಂದೆ, ವರ್ಟಿಬ್ರಲ್ ನಾಳಗಳ ಮತ್ತು ಫ್ರೆನಿಕ್ ನರದ ಮುಂದೆ ಹೊರಳಿ ಇಳಿಯುತ್ತದೆ. ಜುಗ್ಯುಲರ್ ಮತ್ತು ಸಬ್‌ಕ್ಲೇವಿಯನ್ ಕೂಡುವ ಕೋನವನ್ನು ಮೊದಲು ಗುರುತಿಸಿ, ಅದರ ಹಿಂದಿನ ಕೊಬ್ಬನ್ನು ಕೊನೆಗೆ ಮುಟ್ಟಿ. ಕೊನೆಯಲ್ಲಿ ಎರಡು ಮೂರು ಕವಲಾಗಿಯೂ ಸೇರಬಹುದು, ಒಂದು ಕವಲು ಸಿಕ್ಕಿತೆಂದು ನಿಲ್ಲಬೇಡಿ. ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಎಡ ಕ್ಲಾವಿಕಲ್ ಮೇಲೆ ಗಂಟು ಕಾಣಿಸಿಕೊಳ್ಳುವುದು ಈ ದಾರಿಯಿಂದಲೇ.

ಹೊಟ್ಟೆಯ ಕಡೆ, ಎಲ್1-ಎಲ್2 (ಸೊಂಟದ ಮೊದಲ ಎರಡು ಕಶೇರುಕ) ಮುಂದೆ, ವಪೆಯ ಬಲ ಕ್ರಸ್‌ನ (ಕಶೇರುಕಕ್ಕೆ ಅಂಟುವ ಸ್ನಾಯುಪಟ್ಟಿ) ಹಿಂದೆ ಸಿಸ್ಟರ್ನಾ ಕೈಲಿ ಎಂಬ ಚೀಲ ಹುಡುಕುತ್ತೀರಿ. ಎಲ್ಲರಲ್ಲೂ ಚೀಲ ಇರುವುದಿಲ್ಲ; ಎಷ್ಟೋ ದೇಹಗಳಲ್ಲಿ ಅಲ್ಲಿ ಬಲೆಯಂತೆ ಹೆಣೆದ ಸಣ್ಣ ನಾಳಗಳಷ್ಟೇ ಇರುತ್ತವೆ. ಸಿಗದಿದ್ದರೆ ನಿಮ್ಮ ಕೈತಪ್ಪು ಎಂದುಕೊಳ್ಳಬೇಡಿ.

ಜೆಲಟಿನ್‌ನೀಲಿ:

ಬಣ್ಣದ ವಿಚಾರ. ಅಪಧಮನಿಗಳಿಗೆ ಬಳಸುವ ಕೆಂಪು ಲೇಟೆಕ್ಸನ್ನು ಇದಕ್ಕೆ ಹಾಕಬೇಡಿ. ಲೇಟೆಕ್ಸ್ ದ್ರವವಾಗಿ ಉಳಿಯುವುದು ಅಮೋನಿಯಾದಿಂದ. ಫಾರ್ಮಲಿನ್‌ನಲ್ಲಿ ಸ್ವಲ್ಪ ಫಾರ್ಮಿಕ್ ಆಮ್ಲ ಇದ್ದೇ ಇರುತ್ತದೆ, ಅದು ತಾಕಿದ ಕೂಡಲೇ ಲೇಟೆಕ್ಸ್ ಗಟ್ಟಿಯಾಗುತ್ತದೆ. ದೊಡ್ಡ ಅಪಧಮನಿಯಲ್ಲಿ ಇದು ನಡೆದೀತು, 3 ಮಿ.ಮೀ. ನಾಳದಲ್ಲಿ ಸೂಜಿಯ ತುದಿಯಲ್ಲೇ ಬಿರಡೆಯಾಗುತ್ತದೆ. ಅಪಧಮನಿಗಾದರೂ ಮೊದಲು ತೆಳು ಅಮೋನಿಯಾ ನೀರಿನಿಂದ ತೊಳೆಯಬೇಕು.

ಇಲ್ಲಿಗೆ ಜೆಲಟಿನ್ ಒಳ್ಳೆಯದು. 100 ಮಿ.ಲೀ. ನೀರಿಗೆ 8ರಿಂದ 10 ಗ್ರಾಂ ಜೆಲಟಿನ್ ನೆನೆಸಿ, 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗಿಸಿ, ನೀಲಿ ಬಣ್ಣ ಬೆರೆಸಿ ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿ. ಸೋಸದಿದ್ದರೆ ಬಣ್ಣದ ಕಾಳುಗಳು ಕವಾಟದಲ್ಲಿ ಕೂತು ದಾರಿ ಮುಚ್ಚುತ್ತವೆ. ಟಿ10 ಬಳಿ ನಾಳದ ಮುಂಗೋಡೆಯಲ್ಲಿ ಸಣ್ಣ ಗೀರು ಹಾಕಿ, 24 ಗೇಜ್ ಕ್ಯಾನುಲಾವನ್ನು ತಲೆಯ ಕಡೆಗೆ ಮುಖ ಮಾಡಿ ತೂರಿಸಿ, ದಾರದಿಂದ ಕಟ್ಟಿ. ಮೊದಲು ಉಗುರುಬೆಚ್ಚಗಿನ ನೀರು ಬಿಟ್ಟು ಹಳೆಯ ರಕ್ತದ ಹೆಪ್ಪನ್ನು ಬೆರಳಿನಿಂದ ಮೇಲ್ಮುಖವಾಗಿ ನೀವಿ. ಆಮೇಲೆ 5 ಮಿ.ಲೀ. ಸಿರಿಂಜ್‌ನಿಂದ ಬಣ್ಣ, ತೀರಾ ನಿಧಾನಕ್ಕೆ. ಕೈಗೆ ತಡೆ ಸಿಕ್ಕರೆ ನಿಲ್ಲಿಸಿ, ಒತ್ತಿದರೆ ಗೋಡೆ ಒಡೆದು ಸುತ್ತಲ ಕೊಬ್ಬೆಲ್ಲ ನೀಲಿಯಾಗುತ್ತದೆ; ಆಮೇಲೆ ಏನೂ ಬಿಡಿಸಲಾಗದು. ಕ್ಯಾನುಲಾ ಕೆಳಮುಖ ಮಾಡಬೇಡಿ, ಕವಾಟಗಳು ತೆರೆಯುವುದು ಮೇಲಕ್ಕೆ ಮಾತ್ರ. ಬೇಸಿಗೆಯಲ್ಲಿ ಜೆಲಟಿನ್ ಹೆಪ್ಪುಗಟ್ಟದಿದ್ದರೆ ಐಸ್ ಚೀಲ ಇಡಿ.

ಪಾದದ ಚರ್ಮದ ಸಣ್ಣ ದುಗ್ಧನಾಳಗಳನ್ನೂ ತೋರಿಸಬೇಕೆಂದು ಕೆಲವರು ಗೆರೋಟಾ ಮಿಶ್ರಣ ಕೇಳುತ್ತಾರೆ: ಪ್ರಶ್ಯನ್ ನೀಲಿ ತೈಲಬಣ್ಣ 2 ಗ್ರಾಂ, ಟರ್ಪೆಂಟೈನ್ 3 ಗ್ರಾಂ, ಈಥರ್ 15 ಗ್ರಾಂ. ಅದನ್ನು ನಾಳಕ್ಕಲ್ಲ, ಚರ್ಮದೊಳಕ್ಕೆ ಚುಚ್ಚುವುದು. ದುಗ್ಧ ಲೋಮನಾಳದ ಜೀವಕೋಶಗಳ ಅಂಚುಗಳು ಬಾಗಿಲಿನಂತೆ ತೆರೆದು ಬಣ್ಣವನ್ನು ಒಳಗೆ ಬಿಡಬೇಕು. ಫಾರ್ಮಲಿನ್‌ನಲ್ಲಿ ಬಿಗಿದ ಅಂಗಾಂಶದಲ್ಲಿ ಅದು ಆಗುವುದಿಲ್ಲ, ತಾಜಾ ಅಂಗಾಂಶ ಬೇಕು. ಈಥರ್ ಬೆಂಕಿಗೆ ಹತ್ತುವ ವಸ್ತು ಬೇರೆ. ಇಟಲಿಯ ಅಂಗರಚನಾ ತಜ್ಞ ಮಾಸ್ಕಾನಿ 1787ರ ತನ್ನ ದುಗ್ಧನಾಳಗಳ ಚಿತ್ರಗಳಿಗೆ ಪಾದರಸ ತುಂಬಿಸಿದ್ದ. ಆ ಚಿತ್ರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ, ಆದರೆ ಪಾದರಸ ವಿಷ, ಆ ದಾರಿ ಬೇಡವೇ ಬೇಡ.

ಹೆಚ್‌ಅಂಡ್‌ಇ:

ಸ್ಲೈಡ್ ಪ್ರಶ್ನೆಗೆ. ಒಂಟಿ ನಾಳ ನೋಡಿ ಹೇಳಲು ಹೋಗಬೇಡಿ, ಅಪಧಮನಿ-ವೇನ್ ಜೋಡಿ ಇರುವ ಜಾಗ ಹುಡುಕಿ. ಮೂರನೆಯದಾದ ದುಗ್ಧನಾಳ ಅಲ್ಲೇ ಎಲ್ಲೋ ಇರುತ್ತದೆ. ಅದೇ ಅಳತೆಯ ವೇನ್‌ಗಿಂತ ಗೋಡೆ ತೆಳು, ಒಳಭಾಗ ವಕ್ರವಾಗಿ ಕುಸಿದಿರುತ್ತದೆ. ಒಳಗೆ ಕೆಂಪು ಕಣಗಳ ಬದಲು ತಿಳಿಗುಲಾಬಿ ದ್ರವ, ನಡುವೆ ಕೆಲವು ಲಿಂಫೋಸೈಟ್. ಕವಾಟದ ಎಲೆ ಕಂಡಿತೆಂದು ದುಗ್ಧನಾಳ ಎನ್ನಬೇಡಿ, ವೇನ್‌ಗೂ ಕವಾಟ ಇದೆ. ಅಂಗಾಂಶ ತೆಗೆಯುವಾಗ ರಕ್ತ ಸೋರಿ ದುಗ್ಧನಾಳದೊಳಗೆ ಹೋಗುವುದೂ ಉಂಟು, ಹಾಗಾಗಿ ಒಂದೆರಡು ಕೆಂಪು ಕಣ ಕಂಡರೆ ತಳ್ಳಿಹಾಕಬೇಡಿ. ಸಂಶಯ ಉಳಿದರೆ ಡಿ2-40 (ಒಂದು ಪ್ರತಿಕಾಯ) ಬಣ್ಣ: ದುಗ್ಧನಾಳದ ಎಂಡೋಥೀಲಿಯಮ್ (ಒಳಪದರ) ಹಿಡಿಯುತ್ತದೆ, ರಕ್ತನಾಳದ್ದು ಹಿಡಿಯುವುದಿಲ್ಲ.

ಥೊರಾಸಿಕ್ ಡಕ್ಟ್‌ನ ತುಂಡನ್ನೇ ನೋಡುವುದಾದರೆ ಈ ಸೂತ್ರ ನಡೆಯದು. ಅದಕ್ಕೆ ವೇನ್‌ನಂತೆ ಮೂರು ಪದರ ಇದ್ದು, ಮಧ್ಯದ ಪದರದಲ್ಲಿ ಸ್ನಾಯು ಚೆನ್ನಾಗಿಯೇ ಇರುತ್ತದೆ.

ಎಡಕೋನ:

ಇದನ್ನು ಯಾಕೆ ಇಷ್ಟು ಜೋಪಾನ ಮಾಡಿ ನೋಡಬೇಕು ಎಂಬುದಕ್ಕೆ: ಅನ್ನನಾಳದ ಶಸ್ತ್ರಚಿಕಿತ್ಸೆಯಲ್ಲಿ ಡಕ್ಟ್‌ಗೆ ಏಟಾದರೆ ಎದೆಯೊಳಗೆ ದುಗ್ಧರಸ ತುಂಬುತ್ತದೆ, ಕೈಲೋಥೊರಾಕ್ಸ್. ಟಿ5ರ ಕೆಳಗೆ ಏಟಾದರೆ ಸಾಮಾನ್ಯವಾಗಿ ಬಲಗಡೆ, ಮೇಲಾದರೆ ಎಡಗಡೆ. ದಾಟುವ ಜಾಗ ಮೇಜಿನ ಮೇಲೆ ಕಂಡವರಿಗೆ ಇದನ್ನು ಬಾಯಿಪಾಠ ಮಾಡಬೇಕಿಲ್ಲ. ದ್ರವದಲ್ಲಿ ಟ್ರೈಗ್ಲಿಸರೈಡ್ 110 ಮಿ.ಗ್ರಾಂ/ಡಿಎಲ್ ಮೀರಿದ್ದರೆ ಅದೇ ಎನ್ನಬಹುದು. ಸೋರಿಕೆ ನಿಲ್ಲಿಸಲು ಡಕ್ಟ್ ಕಟ್ಟುವಾಗ ಸರ್ಜನ್‌ಗಳು ವಪೆಯ ಸ್ವಲ್ಪ ಮೇಲೆ, ಬಲಗಡೆಯಿಂದ, ಅಯೋರ್ಟಾ ಮತ್ತು ಅಜೈಗಸ್ ನಡುವಿನ ಎಲ್ಲ ಅಂಗಾಂಶವನ್ನೂ ಸೇರಿಸಿ ಕಟ್ಟುತ್ತಾರೆ. ಅಲ್ಲಿ ನಾಳ ಒಂಟಿಯಾಗಿರುವ ಸಂಭವ ಹೆಚ್ಚು. ಅಕ್ಕಪಕ್ಕದ ಸಣ್ಣ ಕವಲಿದ್ದರೂ ಗಂಟಿನೊಳಗೆ ಬರುತ್ತದೆ.

ಟೇಬಲ್‌ಮೂರು:

ಕಂದುಗೆಂಪು ಎಳೆಯ ಹಿಂದೆ ಇಂಟರ್‌ಕಾಸ್ಟಲ್ ಅಪಧಮನಿ ಅಡ್ಡ ಹೋಗಿರುವುದು ಕಂಡಿತು. ಟಿ9ರಲ್ಲಿ ಮೇಲ್ಮುಖವಾಗಿ ನೀರು ಬಿಟ್ಟರೆ ಹೋಗುತ್ತದೆ, ಕೆಳಮುಖವಾಗಿ ನಿಲ್ಲುತ್ತದೆ. ಆದರೆ ಟಿ8 ಬಳಿ ಇದರ ಹಿಂದೆಯೇ ಎಡದಿಂದ ಒಂದು ದಪ್ಪ ವೇನ್ ದಾಟಿ ಅಜೈಗಸ್‌ಗೆ ಸೇರುತ್ತದೆ. ಅದನ್ನು ತೆಗೆದರೆ ಡಕ್ಟ್ ಇನ್ನೂ ಚೆನ್ನಾಗಿ ಕಾಣುತ್ತದೆಯೇ?

ವಪೆಯಿಂದಮೇಲೆ:

ತೆಗೆಯಬೇಡಿ, ಅದು ಹೆಮಿಅಜೈಗಸ್ (ಅಜೈಗಸ್‌ನ ಎಡಗಡೆಯ ಜೋಡಿ). ಅದೂ ಪರೀಕ್ಷೆಯಲ್ಲಿ ಕೇಳುವ ಭಾಗ, ಮೇಲಾಗಿ ಡಕ್ಟ್‌ಗೆ ಹಿಂದಿನಿಂದ ಆಸರೆ. ಡಕ್ಟ್‌ನ ಕೆಳಗೆ ಎರಡು ಕಡೆ ಬಣ್ಣದ ದಾರ ಸಡಿಲವಾಗಿ ಹಾಯಿಸಿ, ಎಳೆದು ಗಂಟು ಹಾಕಬೇಡಿ. ದಿನದ ಕೆಲಸ ಮುಗಿದ ಮೇಲೆ ಎಂಬಾಮಿಂಗ್ ದ್ರವದಲ್ಲಿ ಅದ್ದಿದ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಒಂದು ರಾತ್ರಿ ಒಣಗಿದರೂ ಆ ಗೋಡೆ ಕಶೇರುಕಕ್ಕೆ ಅಂಟಿ ನಾರಾಗುತ್ತದೆ, ಮರುದಿನ ಮತ್ತೆ ಮೊದಲಿನಿಂದ ಹುಡುಕಬೇಕು.