ಪದಚರ್ಚೆ: ‘ವಚನಭಂಗ’ ಮತ್ತು ‘ಹುಸಿ ವಾಗ್ದಾನ’

ಪ್ರಶ್ನೆ: ಭಾರತೀಯ ಕರಾರು ಕಾಯ್ದೆಯ (1872) 17ನೇ ಕಲಂ, ನಡೆಸಿಕೊಡುವ ಉದ್ದೇಶವೇ ಇಲ್ಲದೆ ಕೊಟ್ಟ ಮಾತನ್ನೂ ವಂಚನೆಯ ಬಗೆಗಳಲ್ಲಿ ಸೇರಿಸುತ್ತದೆ. ಇದಕ್ಕೆ ಕನ್ನಡದಲ್ಲಿ ‘ವಚನಭಂಗ’ ಎಂದರೆ ಸಾಕೇ?

ಉತ್ತರ: ಸಾಲದು. ಅರ್ಥವೂ ತಪ್ಪುತ್ತದೆ. ವಚನಭಂಗ, ಮಾತಿಗೆ ತಪ್ಪುವುದು, ಭಾಷೆ ಮುರಿಯುವುದು, ಇವೆಲ್ಲ ಆಮೇಲೆ ನಡೆಯುವಂಥವು. ಈ ಕಲಮಿನ ತಪ್ಪು ಮಾತು ಕೊಟ್ಟ ಗಳಿಗೆಯಲ್ಲೇ ಆಗಿಹೋಗಿರುತ್ತದೆ.

1860ರ ದಂಡಸಂಹಿತೆಯ 415ನೇ ಕಲಮಿನ ಕೆಳಗಿರುವ ನೀಲಿ ಗಿಡದ ಉದಾಹರಣೆ ನೋಡಿ. ಇಷ್ಟು ಗಿಡ ತಂದುಕೊಡುತ್ತೇನೆಂದು ಒಬ್ಬ ಮುಂಗಡ ಪಡೆಯುತ್ತಾನೆ. ಹಣ ಪಡೆಯುವಾಗಲೇ ಕೊಡುವ ಮನಸ್ಸಿರಲಿಲ್ಲವೆಂದರೆ ಅದು ಮೋಸದ ಅಪರಾಧ. ಆಗ ಮನಸ್ಸಿತ್ತು, ಆಮೇಲೆ ಕೈಯೆತ್ತಿದ ಎಂದರೆ ಕರಾರು ಮುರಿದದ್ದಕ್ಕೆ ಸಿವಿಲ್ ದಾವೆ ಮಾತ್ರ. ಗಿಡ, ಮುಂಗಡ, ಕೊಡದೆ ಉಳಿದದ್ದು ಎರಡರಲ್ಲೂ ಒಂದೇ. ‘ವಚನಭಂಗ’ ಎಂದು ಬರೆದರೆ ಈ ಎರಡರ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಈಗ ಇದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಹೀಗೆ ಮೋಸದಿಂದ ಸ್ವತ್ತು ಪಡೆದರೆ 7 ವರ್ಷದವರೆಗೆ ಸಜೆ.

‘ಹುಸಿ ವಾಗ್ದಾನ’ ಒಪ್ಪುವ ಪದ. ಹುಸಿಮುನಿಸಿನಲ್ಲಿ ಮುಖ ಊದಿರುತ್ತದೆ, ಒಳಗೆ ಕೋಪ ಇರುವುದಿಲ್ಲ. ಇಲ್ಲಿಯೂ ಮಾತಿದೆ, ಅದರ ಹಿಂದೆ ಮನಸ್ಸಿಲ್ಲ. ಆದರೆ ಎಚ್ಚರ: ‘ವಾಗ್ದಾನ ಹುಸಿಯಾಯಿತು’ ಎಂದೊಡನೆ ಅರ್ಥ ಮತ್ತೆ ವಚನಭಂಗದ ಕಡೆಗೇ ವಾಲುತ್ತದೆ. ಹುಸಿ ವಿಶೇಷಣವಾಗಿಯೇ ನಿಲ್ಲಬೇಕು. ಆಡುಮಾತಿನ ‘ಮೂಗಿಗೆ ತುಪ್ಪ ಸವರುವುದು’ ಭಾವಕ್ಕೆ ಬಹಳ ಹತ್ತಿರ, ಕಾಯ್ದೆಯ ಪಠ್ಯಕ್ಕೆ ಮಾತ್ರ ಒಗ್ಗದು.

ಇನ್ನೊಂದು ಉತ್ತರ: ಪದ ಒಪ್ಪಿದೆ. ದೂರು, ದಾವೆ ಬರೆಯುವವರಿಗೆ ಇದಕ್ಕಿಂತಲೂ ಮುಖ್ಯವಾದದ್ದು ‘ನಂಬಿಸಿ’. ‘ಮದುವೆಯಾಗುವುದಾಗಿ ನಂಬಿಸಿ’, ‘ಕೆಲಸ ಕೊಡಿಸುವುದಾಗಿ ನಂಬಿಸಿ’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಎದುರಿನವರು ಆ ಮಾತು ನಂಬಿಯೇ ಹಣ ಕೊಟ್ಟರು ಎಂಬ ಕೊಂಡಿಯನ್ನು ಕಾನೂನು ಕೇಳುತ್ತದೆ. ಆ ಕೊಂಡಿ ಈ ಒಂದು ಪದದಲ್ಲಿದೆ.

ಬರೆಯುವಾಗ ಎಡವುವುದು ಕಾಲದ ವಿಷಯದಲ್ಲಿ. ‘ಹಣ ಪಡೆದು ನೋಂದಣಿ ಮಾಡಿಕೊಡದೆ ಮೋಸ ಮಾಡಿರುತ್ತಾರೆ’ ಎಂಬ ವಾಕ್ಯದಲ್ಲಿ ಮೋಸ ಯಾವತ್ತು ಶುರುವಾಯಿತೆಂಬುದೇ ಇಲ್ಲ. ಬರೀ ಮಾತು ತಪ್ಪಿದ್ದರಿಂದ ಮೊದಲಿನ ದುರುದ್ದೇಶವನ್ನು ಊಹಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2000ರಲ್ಲೇ, ಹೃದಯರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ, ಹೇಳಿದೆ. ಆ ವಾಕ್ಯದ ಬದಲು, ‘ಮುಂಗಡ ಪಡೆದ ದಿನಕ್ಕೆ ಮೊದಲೇ ಅದೇ ನಿವೇಶನವನ್ನು ಬೇರೆಯವರಿಗೆ ಕ್ರಯ ಮಾಡಿಕೊಟ್ಟಿದ್ದು, ಅದನ್ನು ಮುಚ್ಚಿಟ್ಟು, ನಮಗೆ ಬರೆದುಕೊಡುವುದಾಗಿ ನಂಬಿಸಿ’ ಎಂದು ಬರೆದು, ಎರಡೂ ತಾರೀಕು ಹಾಕಿ, ಇಸಿ (ಸ್ವತ್ತಿನ ಋಣಭಾರ ಪ್ರಮಾಣಪತ್ರ) ಲಗತ್ತಿಸಿ. ಸಿವಿಲ್ ದಾವೆಯಲ್ಲೂ ವಂಚನೆಯ ವಿವರ, ತಾರೀಕು ಕೊಡಲೇಬೇಕು: ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 6, ನಿಯಮ 4. ‘ಮೊದಲಿನಿಂದಲೂ ದುರುದ್ದೇಶವಿತ್ತು’ ಎಂಬ ಒಂಟಿ ಸಾಲು ಅಲ್ಲಿ ನಿಲ್ಲದು.