ಆಬ್ಜೆಕ್ಟ್‌ಲಿಸ್ಟ್‌ವ್ಯೂ: ಗಾತ್ರದ ಕಾಲಂ ತಪ್ಪಾಗಿ ವಿಂಗಡಣೆಯಾಗುತ್ತಿದೆ, ಆಯ್ಕೆಯೂ ಉಳಿಯುತ್ತಿಲ್ಲ

ಪ್ರಶ್ನೆ

ಫೈಲ್‌ಗಳ ಪಟ್ಟಿಯನ್ನು ತೋರಿಸುವ ವಿಂಡೋಸ್ ಫಾರ್ಮ್ಸ್ ಅಪ್ಲಿಕೇಶನ್ ಒಂದನ್ನು ಸಿ ಶಾರ್ಪ್‌ನಲ್ಲಿ ಬರೆಯುತ್ತಿದ್ದೇನೆ. ಡಾಟ್‌ನೆಟ್‌ನ ಮೂಲ ಲಿಸ್ಟ್‌ವ್ಯೂನಲ್ಲಿ (ಸಾಲು-ಕಾಲಂಗಳ ಪಟ್ಟಿ ತೋರಿಸುವ ಕಂಟ್ರೋಲ್) ಪ್ರತಿ ಸಾಲಿಗೂ ಐಟಂ ಕಟ್ಟಿ, ಅದಕ್ಕೆ ಸಬ್‌ಐಟಂಗಳನ್ನು ಒಂದೊಂದಾಗಿ ಸೇರಿಸಿ, ವಿಂಗಡಣೆಗೆಂದು ಸಾಲುಗಳನ್ನು ಹೋಲಿಸುವ ಬೇರೆಯೇ ಕಂಪೇರರ್ ಕ್ಲಾಸ್ ಬರೆದು ಬೇಸತ್ತ ಮೇಲೆ, ಈ ಕೆಲಸಗಳನ್ನು ತಾನೇ ಮಾಡುವ ಆಬ್ಜೆಕ್ಟ್‌ಲಿಸ್ಟ್‌ವ್ಯೂ ಲೈಬ್ರರಿಗೆ ಬದಲಾದೆ. ಬರೆದಿದ್ದ ಕೋಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಳಿಸಲು ಸಾಧ್ಯವಾಯಿತು.

ಆದರೆ ಗಾತ್ರದ ಕಾಲಂ ಮೇಲೆ ಕ್ಲಿಕ್ ಮಾಡಿದರೆ ‘100 ಕೆಬಿ’, ‘12 ಕೆಬಿ’, ‘9 ಕೆಬಿ’ ಎಂಬ ಕ್ರಮದಲ್ಲಿ ಸಾಲುಗಳು ಬರುತ್ತವೆ. ಜೊತೆಗೆ ಕೇಳದೆಯೇ ಗುಂಪುಗಳಾಗಿ ಒಡೆಯುತ್ತವೆ. ಎರಡು ಸೆಕೆಂಡಿಗೊಮ್ಮೆ, ಪಟ್ಟಿಗೆ ಆಬ್ಜೆಕ್ಟ್‌ಗಳನ್ನು ಕೊಡುವ ಸೆಟ್‌ಆಬ್ಜೆಕ್ಟ್ಸ್ ಮೆಥಡ್ ಕರೆದು ಪಟ್ಟಿಯನ್ನು ಹೊಸದಾಗಿಸುತ್ತಿದ್ದೇನೆ. ಆಗ ಬಳಕೆದಾರರು ಆಯ್ಕೆ ಮಾಡಿದ್ದ ಸಾಲಿನ ಆಯ್ಕೆ ಹೋಗಿಬಿಡುತ್ತದೆ. ಸುಮಾರು 40,000 ಸಾಲುಗಳಿರುವುದರಿಂದ ಪರದೆ ಕ್ಷಣಕಾಲ ಸ್ತಬ್ಧವಾಗುವುದೂ ಇದೆ. ನಾನು ಎಡವಿದ್ದು ಎಲ್ಲಿ?

ಉತ್ತರ 1

ಕಾಲಂಗೆ ಮೌಲ್ಯ ಕೊಡುವ ನಿಮ್ಮ ಆಸ್ಪೆಕ್ಟ್‌ಗೆಟರ್ ಪಠ್ಯವನ್ನು ಹಿಂದಿರುಗಿಸುತ್ತಿದೆ ಎಂದು ಕಾಣುತ್ತದೆ. ಈ ಲೈಬ್ರರಿಯಲ್ಲಿ ಕಾಲಂ ತನ್ನ ಮೌಲ್ಯವನ್ನು ಪಡೆಯುವುದು ಒಂದು ಹಂತ, ಅದನ್ನು ಓದುವ ರೂಪಕ್ಕೆ ತರುವುದು ಇನ್ನೊಂದು ಹಂತ. ವಿಂಗಡಣೆ ನಡೆಯುವುದು ಮೊದಲನೆಯದರ ಮೇಲೆ. ಆದ್ದರಿಂದ ಗೆಟರ್ ಬೈಟ್‌ಗಳ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಕೊಡಲಿ. ‘ಕೆಬಿ’ ಸೇರಿಸುವ ಕೆಲಸವನ್ನು ಆಸ್ಪೆಕ್ಟ್‌ಟುಸ್ಟ್ರಿಂಗ್‌ಕನ್ವರ್ಟರ್‌ಗೆ ಬಿಡಿ. ದಿನಾಂಕಕ್ಕೂ ಇದೇ ಕ್ರಮ, ಅಲ್ಲಿ ಫಾರ್ಮ್ಯಾಟ್ ಸ್ಟ್ರಿಂಗ್ ಒಂದೇ ಸಾಕು. ಹೊಸದಾಗಿ ಬರುವವರು ಇಲ್ಲಿ ಎಡವುವುದು ಸಹಜ, ಏಕೆಂದರೆ ಮೂಲ ಲಿಸ್ಟ್‌ವ್ಯೂ ನಮಗೆ ಎಲ್ಲವನ್ನೂ ಪಠ್ಯವಾಗಿಯೇ ಯೋಚಿಸುವ ಅಭ್ಯಾಸ ಮಾಡಿಸಿದೆ.

ಗುಂಪುಗಳು ಡೀಫಾಲ್ಟ್ ಆಗಿ ಬರುತ್ತವೆ. ಷೋಗ್ರೂಪ್ಸ್ ಅನ್ನು ಫಾಲ್ಸ್ ಮಾಡಿ. ಸಣ್ಣ, ಮಧ್ಯಮ, ದೊಡ್ಡ ಎಂಬ ಗುಂಪುಗಳು ಬೇಕೆನಿಸಿದರೆ ಆ ಕಾಲಂಗೆ ಮೇಕ್‌ಗ್ರೂಪೀಸ್ ಮೂಲಕ ಮಿತಿಗಳನ್ನು ಕೊಡಬಹುದು.

ಉತ್ತರ 2

ಆಯ್ಕೆ ಕಳೆದುಹೋಗುವುದರ ಬಗ್ಗೆ: ಸೆಟ್‌ಆಬ್ಜೆಕ್ಟ್ಸ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಟ್ರೂ ಕೊಟ್ಟರೆ ಹಿಂದಿನ ಆಯ್ಕೆಯನ್ನು ಉಳಿಸಿಕೊಳ್ಳಲು ಅದು ಪ್ರಯತ್ನಿಸುತ್ತದೆ. ಆದರೆ ಪ್ರತಿ ಸಲವೂ ನೀವು ಹೊಸ ಆಬ್ಜೆಕ್ಟ್‌ಗಳನ್ನೇ ಸೃಷ್ಟಿಸಿ ಕೊಡುತ್ತಿದ್ದರೆ, ಹಳೆಯ ಸಾಲು ಯಾವ ಹೊಸ ಸಾಲಿಗೆ ಸಮ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಒಂದೋ ಅದೇ ಆಬ್ಜೆಕ್ಟ್‌ಗಳನ್ನು ಇಟ್ಟುಕೊಂಡು ಅವುಗಳ ಮೌಲ್ಯಗಳನ್ನಷ್ಟೇ ಬದಲಿಸಿ, ಸಾಲನ್ನು ಹೊಸ ಮೌಲ್ಯದೊಂದಿಗೆ ತೋರಿಸುವ ರಿಫ್ರೆಶ್‌ಆಬ್ಜೆಕ್ಟ್ ಕರೆಯಿರಿ, ಇಲ್ಲವೇ ಕ್ಲಾಸ್‌ನಲ್ಲಿ ಈಕ್ವಲ್ಸ್ (ಎರಡು ಆಬ್ಜೆಕ್ಟ್‌ಗಳು ಸಮವೇ ಎಂದು ಹೇಳುವುದು) ಮತ್ತು ಗೆಟ್‌ಹ್ಯಾಷ್‌ಕೋಡ್ (ಆಬ್ಜೆಕ್ಟ್ ಅನ್ನು ಬೇಗ ಹುಡುಕಲು ಬಳಸುವ ಹ್ಯಾಷ್ ಸಂಖ್ಯೆ ಕೊಡುವುದು) ಎರಡನ್ನೂ ಬರೆಯಿರಿ. ನನ್ನ ಆಯ್ಕೆ ಮೊದಲನೆಯದು. ರಿಫ್ರೆಶ್‌ಆಬ್ಜೆಕ್ಟ್ ಸಾಲನ್ನು ಮರುವಿಂಗಡಿಸುವುದಿಲ್ಲ, ನಿಮಗೆ ಅದು ಅನುಕೂಲವೇ: ಬಳಕೆದಾರರು ಕ್ಲಿಕ್ ಮಾಡಲು ಹೊರಟ ಸಾಲು ಕರ್ಸರ್‌ನ ಅಡಿಯಿಂದ ಜಾರಿಹೋಗುವುದಿಲ್ಲ.

ವೇಗಕ್ಕೆ ಫಾಸ್ಟ್‌ಆಬ್ಜೆಕ್ಟ್‌ಲಿಸ್ಟ್‌ವ್ಯೂ ಬಳಸಿ. ಇದು ವರ್ಚುವಲ್ ಮೋಡ್‌ನಲ್ಲಿ ಕೆಲಸ ಮಾಡುವುದರಿಂದ 40,000 ಐಟಂಗಳನ್ನು ಮೊದಲೇ ಕಟ್ಟಿಡದೆ, ಪರದೆಯಲ್ಲಿ ಕಾಣಬೇಕಾದವನ್ನು ಬೇಕಾದಾಗ ಮಾತ್ರ ಕಟ್ಟುತ್ತದೆ. ನೀವು ಬರೆದ ಕಾಲಂ ಕೋಡ್ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಿಂಗಡಣೆ ಸರಿಯಾಯಿತು, ಫಾಸ್ಟ್ ಆವೃತ್ತಿಯಲ್ಲಿ ತಡೆಯೂ ಇಲ್ಲ. ಆದರೆ ಈಕ್ವಲ್ಸ್ ಬರೆದ ನಂತರ ವಿಚಿತ್ರವೊಂದು ಕಂಡಿತು: ಗಾತ್ರ ಬದಲಾದ ಫೈಲ್‌ಗಳಿಗೆ ಮಾತ್ರ ರಿಫ್ರೆಶ್‌ಆಬ್ಜೆಕ್ಟ್ ಏನನ್ನೂ ಮಾಡುತ್ತಿರಲಿಲ್ಲ, ದೋಷ ಸಂದೇಶವೂ ಇರಲಿಲ್ಲ. ಹುಡುಕಿದಾಗ ಹ್ಯಾಷ್ ಲೆಕ್ಕದಲ್ಲಿ ನಾನು ಗಾತ್ರವನ್ನೂ ಸೇರಿಸಿದ್ದೆ!

ಉತ್ತರ 2 ಬರೆದವರು

ಹಾಗಾದರೆ ಅದು ಹಾಗೆಯೇ ಆಗಬೇಕು. ಫಾಸ್ಟ್ ಆವೃತ್ತಿ ಪ್ರತಿ ಆಬ್ಜೆಕ್ಟ್ ಎಷ್ಟನೆಯ ಸಾಲಿನಲ್ಲಿದೆ ಎಂಬುದನ್ನು ಹ್ಯಾಷ್ ಕೋಷ್ಟಕದಲ್ಲಿ ಇಟ್ಟುಕೊಂಡಿರುತ್ತದೆ. ಗಾತ್ರ ಬದಲಾದೊಡನೆ ಹ್ಯಾಷ್ ಕೂಡ ಬದಲಾಗಿ, ಹಳೆಯ ಜಾಗದಲ್ಲಿರುವ ಆಬ್ಜೆಕ್ಟ್ ಅದಕ್ಕೆ ಸಿಗುವುದಿಲ್ಲ. ಈಕ್ವಲ್ಸ್, ಹ್ಯಾಷ್ ಎರಡಕ್ಕೂ ಫೈಲ್‌ನ ಪೂರ್ಣ ಪಾಥ್ ಒಂದನ್ನೇ ಬಳಸಿ.

ಉತ್ತರ 3

ಪರವಾನಗಿಯ ಬಗ್ಗೆ ಒಂದು ಮಾತು. ಈ ಲೈಬ್ರರಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ 3ನೇ ಆವೃತ್ತಿಯಡಿ ಲಭ್ಯವಿದೆ. ಮೂಲ ಕೋಡ್ ತೆರೆದಿಡದೆ ಅಪ್ಲಿಕೇಶನ್ ಹಂಚುವ ಉದ್ದೇಶವಿದ್ದರೆ, ಇನ್ನಷ್ಟು ಫಾರ್ಮ್‌ಗಳಿಗೆ ಇದನ್ನು ಹಚ್ಚುವ ಮೊದಲೇ ಆ ಷರತ್ತುಗಳನ್ನು ಓದಿಕೊಳ್ಳಿ.